ಮಸಿಯ ಚುಕ್ಕಿ

ಹೇಮಶ್ರೀ ಪುಟದ ಮೇಲೆ ಬೆರಳಾಡಿಸಿದಳು. ಎಡದಿಂದ ಬಲಕ್ಕೆ, ಮತ್ತೊಮ್ಮೆ ಎಡದಿಂದ.

"ರಘು, ಇದ್ರಲ್ಲಿ ಏನೂ ಇಲ್ವಲ್ಲ."

"ಸರ್ಯಾಗ್ ಮುಟ್ ನೋಡು. ಪುಟದ್ ತುಂಬ ಚುಕ್ಕಿ ಅವೆ."

ಇದ್ದವು, ಅಚ್ಚುಕಟ್ಟಾಗಿ, ಕಪ್ಪು ಮಸಿಯಲ್ಲಿ. ಶ್ರೀರಂಗಪಟ್ಟಣದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದ ರಘುನಂದನ್ ಬ್ರೈಲ್ ಲಿಪಿಗೆಂದೇ ಕಂಪ್ಯೂಟರಿನಲ್ಲಿ ಒಂದು ಫಾಂಟು ಮಾಡಿದ್ದ. ಪಾಂಡವಪುರದ ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರಾಗಿದ್ದ, ಕಣ್ಣು ಕಾಣದ ಹೇಮಶ್ರೀ ಫೋನಿನಲ್ಲೇ "ಅ ಅಂದ್ರೆ ಒಂದ್ನೇ ಚುಕ್ಕಿ, ಕ ಅಂದ್ರೆ ಒಂದು, ಮೂರು" ಎಂದು ಹೇಳುತ್ತಾ ಹೋದದ್ದನ್ನು ಬರೆದುಕೊಂಡಿದ್ದ. ಮದುವೆ ಕಾರ್ಡುಗಳ ನಡುವೆ ಬಿಡುವು ಮಾಡಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಇಡೀ ಪುಸ್ತಕ ಜೋಡಿಸಿ ಅಚ್ಚು ಹಾಕಿಸಿದ್ದ. ಚುಕ್ಕಿ ಹಾಳೆಯಿಂದ ಮೇಲೇಳಬೇಕು ಎನ್ನುವುದೊಂದೇ ಅವನಿಗೆ ಹೊಳೆದಿರಲಿಲ್ಲ. ಅಕ್ಷರವೆಂದರೆ ಮಸಿ ಎಂದುಕೊಂಡು ಹೊಟ್ಟೆ ಹೊರೆದವನಿಗೆ ಹೊಳೆಯುವುದಾದರೂ ಹೇಗೆ?

ಅದು ಭಾನುವಾರ ಭಾನುವಾರ ಅವರು ರಘುವಿನ ಅಂಗಡಿಯಲ್ಲಿ ಕೂತು ಆಡುತ್ತಿದ್ದ ಆಟದ ನಿಯಮಪುಸ್ತಕ. ಯಾವುದೋ ವಿದೇಶಿ ಆಟ ನೋಡಿ ರಘು ನಮ್ಮ ಕಡೆಗೆ ಒಗ್ಗಿಸಿಕೊಂಡಿದ್ದ. ಹಾಸಿಲ್ಲ, ಕಾಯಿಲ್ಲ. ಒಬ್ಬ, ಇಲ್ಲಿ ರಘು, ಕಥೆ ಹೇಳಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮುತ್ತಿಗೆ ಬಿದ್ದ ಕೋಟೆಯೊಳಗೆ ಓಡಾಡಬೇಕು, ಏನಾಯಿತೆಂದು ದಾಳ ತೀರ್ಮಾನಿಸಬೇಕು. ಲಾರಿ ಬುಕಿಂಗ್ ಆಫೀಸಿನ ಶೋಯಬ್ ವಾರ ಬಿಟ್ಟು ವಾರ ಸಾಯುತ್ತಿದ್ದ. ಕೋಟೆಯ ಕಾವಲುಗಾರ್ತಿಯಾದ ಹೇಮಶ್ರೀ ಮಾತ್ರ ಒಂದು ವರ್ಷದಿಂದ ಸತ್ತೇ ಇರಲಿಲ್ಲ. ದಾಳದ ಗುಳಿ ಮುಟ್ಟಿ ಎಷ್ಟು ಬಿತ್ತೆಂದು ತಾನೇ ತಿಳಿಯುತ್ತಿದ್ದಳು. ಅದರ ಫಲ ಏನೆಂಬುದು ಮಾತ್ರ ರಘು ಓದಿ ಹೇಳಿದಂತೆ. ಅಲ್ಲೇ ಅವಳಿಗೆ ಅನುಮಾನ. ಬ್ಯಾಂಕಿನಲ್ಲಿ ತಪ್ಪು ಲೈನು ಕೊಟ್ಟರೂ ಅವಳನ್ನು ಯಾರೂ ಬಯ್ಯುತ್ತಿರಲಿಲ್ಲ. "ಪಾಪ" ಎನ್ನುತ್ತಿದ್ದರು. ಆ ಪಾಪ ಕೇಳಿ ಕೇಳಿ ಅವಳಿಗೆ ಸಾಕಾಗಿ ಹೋಗಿತ್ತು. ಆಟದಲ್ಲಾದರೂ ಅದು ಬೇಡವೆಂದೇ ಪುಸ್ತಕ ಕೇಳಿದ್ದಳು.

"ಅರೆ, ಬುಡಮ್ಮ," ಶೋಯಬ್ ಅಂದ. "ನಾವೇ ಓದಿ ಯೋಳ್ತೀವಲ್ಲ, ಸಾಲ್ದಾ?"

"ಸಾಲ್ದು."

ರಘು ಬೈಂಡಿಂಗಿನ ದಬ್ಬಳ ತಂದು ಚುಕ್ಕಿಗಳ ಮೇಲೆ ಒತ್ತಿದ. ಉಬ್ಬು ಹಿಂಬದಿಗೆ ಎದ್ದಿತು. ಹೇಮಶ್ರೀ ಮುಟ್ಟಿ, "ಎಲ್ಲ ತಿರುಗಾಮುರುಗಾ ಬಂದೈತೆ" ಅಂದಳು. ಅವಳ ದನಿಯಲ್ಲಿ ಸಿಟ್ಟೂ ಉಳಿದಿರಲಿಲ್ಲ. ರಘು ಪುಸ್ತಕದಿಂದ ಬೇರೆ ಹಾಳೆ ಬಿಡಿಸಿ, ಮಗುಚಿ, ಮಡಿಸಿದ ಟವೆಲಿನ ಮೇಲೆ ಇಟ್ಟ. ತೆಳು ಹಾಳೆ. ಮಸಿ ಹಿಂದಕ್ಕೂ ಕಾಣುತ್ತಿತ್ತು.

"ಯಾವ್ ನಿಯಮ ಚುಚ್ಲಿ?"

"ಬುರುಜಿಂದ ಬೀಳೋದು."

ಶೋಯಬ್ ಬೀದಿಯ ಕಡೆ ನೋಡಿದ. ರಘು ದಬ್ಬಳ ಹಿಡಿದು ಆ ಸಾಲು ಹುಡುಕಿದ. ಬೇರೆ ಯಾವುದಾದರೂ ಸಾಲು ಚುಚ್ಚಿಬಿಡಬಹುದಿತ್ತು. ಆದರೆ ಅದೇ ಸಾಲು ಚುಚ್ಚಿದ. ಎರಡು ಕಡೆ ಹಾಳೆ ತೂತಾಯಿತು.

ಹೇಮಶ್ರೀ ನಿಧಾನಕ್ಕೆ, ಗಟ್ಟಿಯಾಗಿ ಓದಿದಳು. "ಬುರುಜಿನಿಂದ ಬಿದ್ದವರಿಗೆ ದಾಳ ಎರಡು ತೋರಿದರೆ ಸಾವು."

ಬೆರಳು ಕೊನೆಯ ಅಕ್ಷರದ ಮೇಲೆ ನಿಂತಿತು.

"ಕಳ್ದ್ ಭಾನ್ವಾರ ನಂಗೆ ಎರಡೇ ಬಿದ್ದಿದ್ದು. ಬಳ್ಳಿ ಇಡ್ಕಂಡು ಬದುಕ್ಕಂಡೆ ಅಂದ್ರಿ."

"ಬಳ್ಳಿ ಗಿಳ್ಳಿ ಏನೂ ಇಲ್ಲ ಕಣವ್ವ," ರಘು ಅಂದ. "ನಿನ್ ಮಖ ನೋಡ್ಕಂಡು ಯೋಳಕ್ಕಾಗ್ನಿಲ್ಲ."

"ಅದ್ಕೂ ಮುಂಚೆ?"

"ಬಾವಿತಾವ್ ಒಂದ್ಸಲ. ಬೆಂಕಿ ಬಿದ್ದಾಗ ಒಂದ್ಸಲ."

ಹೇಮಶ್ರೀಗೆ ಅವಮಾನವಾಯಿತು. ಜೊತೆಗೇ, ಬಹಳ ದಿನ ಹೊತ್ತ ಹೊರೆ ಇಳಿಸಿದ ಹಾಗೆ ಹಗುರವೂ ಆಯಿತು.

"ಬೇರೆ ಪಾತ್ರ ತಗೋ," ಶೋಯಬ್ ಮೆಲ್ಲಗೆ ಅಂದ.

"ಬ್ಯಾಡ. ಇನ್ಮೇಲೆ ಕತೆ ನಾನ್ ಯೋಳ್ತೀನಿ. ನೀವಿಬ್ರೂ ಕ್ವಾಟೆ ಒಳೀಕ್ ನಡೀರಿ." ಅವಳು ಹಾಳೆಯನ್ನು ರಘುವಿನ ಕಡೆ ತಳ್ಳಿದಳು. "ಮುಂದ್ಲುದ್ ಚುಚ್ಚು."

ಅವಳು ಹಿಡಿಯಬೇಕಿದ್ದ ಪಾಂಡವಪುರದ ಬಸ್ಸು ಹಾರನ್ ಹೊಡೆದುಕೊಂಡು ಹೊರಟುಹೋಯಿತು. ರಘು ಬಗ್ಗಿ ಚುಚ್ಚತೊಡಗಿದ. ಟವೆಲಿನ ಮೇಲೆ ದಬ್ಬಳದ ಸಣ್ಣ ಸದ್ದು. ಮೇಜಿನಾಚೆ ಅವಳ ಬೆರಳು ಹಾಳೆಯ ಅಂಚನ್ನು ಹಿಡಿದು ಕಾಯುತ್ತಿತ್ತು.