ಪೊಳ್ಳು ನೆಲದ ಹೆಜ್ಜೆಗಳು

ಮನೆಯಿಂದ ಹನ್ನೆರಡು ಮೈಲಿ ದೂರದ ಆ ಬಯಲಿಗೆ ಜೇರಡ್ ಟಟಲ್ ಮುಳ್ಳುತಂತಿ ಬಿಗಿದು ಮೂವತ್ತೇಳು ವರ್ಷವಾಗಿತ್ತು. ಯಾಕೆಂದು ಯಾರಾದರೂ ಕೇಳಿದರೆ, ಅಲ್ಲಿ ಮೇವಿಲ್ಲ ಎನ್ನುತ್ತಿದ್ದ. ಅದು ಸುಳ್ಳು. ಬೇಲಿಯಾಚೆ ಹುಲ್ಲು ಕುರಿಯ ಮೊಣಕಾಲು ಮುಟ್ಟುವಷ್ಟು ಎದ್ದು ನಿಂತಿರುವುದನ್ನು ಮಗಳು ವೆರ್ಲಾ ಕುದುರೆಯ ಮೇಲಿಂದ ಎಷ್ಟೋ ಸಲ ನೋಡಿದ್ದಳು. ಬೇಲಿಯ ಪಕ್ಕದಲ್ಲಿ ಹಾಯುವಾಗ ಗೊರಸಿನ ಕೆಳಗೆ ನೆಲ ಧಿಂ ಧಿಂ ಎನ್ನುತ್ತಿತ್ತು. ಅವಳ ನಾಯಿಗಳು ಅಲ್ಲಿ ಬಾಲ ಮುದುರಿಕೊಂಡು ಕುದುರೆಯ ಈಚೆಗೆ ಬರುತ್ತಿದ್ದವು.

ಯೂಟಾದ ಆ ಮೂಲೆಯಲ್ಲಿ ಮಳೆ ಅಪರೂಪ, ಚಳಿ ಉದ್ದ. ವೆರ್ಲಾಗೆ ಐವತ್ತೊಂದು. ಮದುವೆಯಾಗಿರಲಿಲ್ಲ. ಕುರಿ, ಬೇಲಿ, ಅಪ್ಪ, ಮೂರನ್ನೂ ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಅಣ್ಣ ಓರಿನ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂಬ ಸಿಟ್ಟು ಅವಳಲ್ಲಿ ಹಳೆಯ ನೋವಿನಂತೆ ಕೂತಿತ್ತು. ಮೊದಲ ಮಹಾಯುದ್ಧಕ್ಕೆ ಫ್ರಾನ್ಸಿಗೆ ಹೋಗಿ ಬಲಗಾಲಿನಲ್ಲಿ ಲೋಹದ ಚೂರು ಹೊತ್ತು ಬಂದ ಓರಿನ್ ಮರುವರ್ಷವೇ, ಇಪ್ಪತ್ತೆರಡರ ವಯಸ್ಸಿನಲ್ಲಿ, ಯಾರಿಗೂ ಹೇಳದೆ ನೆವಾಡಾದ ಗಣಿಗಳಿಗೆ ಹೊರಟುಹೋದ ಎಂದು ಅಪ್ಪ ಹೇಳಿದ್ದ. ಅಮ್ಮ ಲೊವೀನಾ ಇಪ್ಪತ್ತೊಂದು ವರ್ಷ ಪ್ರತಿ ಭಾನುವಾರ ಕುರ್ಚಿಯನ್ನು ದಾರಿಗೆ ಮುಖ ಮಾಡಿ ಹಾಕಿಕೊಂಡು ಕೂತು, ಕೊನೆಗೆ ಹಾಗೇ ತೀರಿಕೊಂಡಳು. ಮಣ್ಣು ಮಾಡುವ ದಿನವೂ ಅಣ್ಣ ಬರಲಿಲ್ಲ. ವೆರ್ಲಾ ಅವತ್ತಿನಿಂದ ಅವನ ಹೆಸರು ಎತ್ತುವುದನ್ನೇ ಬಿಟ್ಟಿದ್ದಳು.

ಆ ಅಕ್ಟೋಬರಿನಲ್ಲಿ ಸರ್ಕಾರಕ್ಕೆ ಮಣ್ಣಿನ ನಕ್ಷೆ ಮಾಡಿಕೊಡುವ ಡೀನ್ ಹ್ಯಾಚ್ ಎಂಬವನು ಜೀಪಿನಲ್ಲಿ ಬಂದ. ನಲವತ್ತರ ಆಸುಪಾಸು, ಬಿಸಿಲಿಗೆ ಸುಲಿದ ಮೂಗು. ಬೇಲಿಯೊಳಗಿನ ಬಯಲನ್ನು ನೋಡಬೇಕೆಂದ.

"ಮಣ್ಣು ನೋಡೋಕೆ ನಿಂಗೆ ಸಂಬಳ ಕೊಡ್ತಾರಾ?" ಎಂದ ಎಂಬತ್ನಾಲ್ಕರ ಜೇರಡ್, ಒಲೆಯ ಪಕ್ಕದ ಕುರ್ಚಿಯಿಂದ ಏಳದೆ. "ನಾನು ಹುಟ್ಟಿದಾಗಿಂದ ಪುಕ್ಕಟೆ ನೋಡ್ತಿದೀನಿ."

"ನಿಮ್ಮಷ್ಟು ಗೊತ್ತಿಲ್ಲ ಯಜಮಾನ್ರೇ. ಅದಕ್ಕೇ ಗುಂಡಿ ತೋಡಿ ನೋಡ್ತೀನಿ."

ಗುಂಡಿ ಎಂಬ ಮಾತು ಕೇಳಿದ್ದೇ ಮುದುಕನ ಮುಖ ಬಿಳುಚಿತು. "ಅಲ್ಲಿ ಬೇಡ. ಬೇರೆ ಎಲ್ಲಾದ್ರೂ ತೋಡ್ಕೊ" ಎಂದು ಗೋಡೆಯ ಕಡೆ ತಿರುಗಿ ಕೂತ.

ವೆರ್ಲಾ ಕೋಟು ಹಾಕಿಕೊಂಡು ಹೊರಗೆ ಬಂದು, "ಬನ್ನಿ, ಬೇಲಿ ನಾನು ಬಿಚ್ಚಿಕೊಡ್ತೀನಿ. ಈಗ ಕುರಿ ಮೇಯಿಸೋಳು ನಾನು" ಎಂದಳು.

ಹ್ಯಾಚ್ ಜೀಪನ್ನು ಬೇಲಿಯ ಹೊರಗೇ ನಿಲ್ಲಿಸಿದ. ಒಳಗೆ ನೆಲದ ಮೇಲೆಲ್ಲ ಕಪ್ಪಗೆ, ತಳ ಹತ್ತಿದ ಹಾಲಿನ ಕೆನೆಯಂತೆ ಗಂಟುಗಂಟಾದ ಹೆಪ್ಪು ಕಟ್ಟಿತ್ತು. "ಇದಕ್ಕೆ ಜೀವ ಇದೆ, ಅಕ್ಕಾವ್ರೇ. ಪಾಚಿ, ಕಲ್ಲುಹೂವು ಎಲ್ಲ ಸೇರಿ ಮಣ್ಣನ್ನ ಹಿಡ್ಕೊಂಡಿರೋದು. ಒಂದ್ಸಲ ತುಳಿದ್ರೆ ಮತ್ತೆ ಕೂಡ್ಕೊಳೋಕೆ ಒಂದು ತಲೆಮಾರು ಬೇಕು. ಹುಲ್ಲಿನ ಬುಡ ನೋಡ್ಕೊಂಡು ಕಾಲಿಡಿ" ಎಂದ.

ಅಂಚಿನಲ್ಲೇ ಒಂದು ಕಡೆ ಮೊಣಕಾಲಾಳ ತೋಡಿದ. ನಾಲ್ಕು ಬೆರಳು ಕಂದು ಮಣ್ಣು, ಅದರ ಕೆಳಗೆ ಮೈದಾ ಹಿಟ್ಟಿನಂಥ ಬಿಳುಪು, ಅಲ್ಲಲ್ಲಿ ಸೂಜಿಮೊನೆಯಂಥ ಮಿನುಗು. ಪುಟ್ಟ ಶೀಶೆಯಿಂದ ಆಸಿಡ್ಡಿನ ಹನಿ ಬಿಟ್ಟ. ಮೇಲಿನ ಮಣ್ಣು ಚುಯ್ ಎಂದು ನೊರೆಯೆದ್ದಿತು. ಕೆಳಗಿನದು ಸುಮ್ಮನೆ ಹನಿಯನ್ನು ಕುಡಿಯಿತು.

"ಸುಣ್ಣ ಆಗಿದ್ರೆ ಬುಸುಗುಟ್ತಿತ್ತು. ಇದು ಉಸಿರೆತ್ತಲ್ಲ. ಬರೀ ಜಿಪ್ಸಮ್. ನೀರು ಬಿದ್ರೆ ಒಳಗೊಳಗೇ ಕರಗಿ ಹೋಗುತ್ತೆ, ಮೇಲೆ ನಿಂತೋರಿಗೆ ಏನೂ ಗೊತ್ತಾಗಲ್ಲ. ಇಲ್ಲಿ ಯಾರಾದ್ರೂ ಕಟ್ಟೆ ಗಿಟ್ಟೆ ಕಟ್ಟಿದ್ರಾ?"

"ಅಪ್ಪ ಕಟ್ಟಿದ್ದ, ಕುರಿಗೆ ನೀರಿಗೆ ಅಂತ. ನಾನಾಗ ಹದಿನಾಲ್ಕರೋಳು. ನೀರು ನಿಲ್ಲಲಿಲ್ಲ ಅಂತ ಬಿಟ್ಬಿಟ್ಟ."

"ನಿಲ್ಲಲ್ಲ. ನಿಂತಿದ್ರೇ ಆಶ್ಚರ್ಯ" ಎಂದು ಹ್ಯಾಚ್ ಎದ್ದು, ಮುಂದೆ ಕಾಲಿಡಲು ಜಾಗ ಹುಡುಕಿದವನು ಹಾಗೇ ನಿಂತುಬಿಟ್ಟ. "ಅಕ್ಕಾವ್ರೇ, ಇಲ್ಲಿ ಯಾರೋ ನಡ್ಕೊಂಡು ಹೋಗಿದಾರೆ."

ಕಪ್ಪು ಹೆಪ್ಪಿನ ನಡುವೆ ಮಾಸಲು ಬಿಳುಪಿನ ಅಚ್ಚುಗಳ ಸಾಲು ಬಯಲಿನ ನಡುವಿಗೆ ಸಾಗಿತ್ತು. ಅಚ್ಚುಗಳ ಮೇಲೆ ತೆಳ್ಳಗೆ ಹೊಸ ಹೆಪ್ಪು ಕಟ್ಟುತ್ತಿತ್ತು, ಗಾಯದ ಮೇಲಿನ ಎಳೆ ಚರ್ಮದಂತೆ. ಹ್ಯಾಚ್ ಬಗ್ಗಿ ಬೆರಳಿನಿಂದ ಮುಟ್ಟಿದ. "ಮೂವತ್ತು ವರ್ಷಕ್ಕೆ ಕಮ್ಮಿ ಇಲ್ಲ. ಹೆಚ್ಚೇ ಇರಬಹುದು. ಇಬ್ರು ಒಟ್ಟಿಗೆ ಹೋಗಿದಾರೆ, ನೋಡಿ."

ವೆರ್ಲಾ ನೋಡಿದಳು. ಒಂದು ಸಾಲು ನೆಟ್ಟಗೆ, ಗಿಡ್ಡ ಹೆಜ್ಜೆ. ಇನ್ನೊಂದರಲ್ಲಿ ಎಡಗಾಲು ನೆಟ್ಟಗೆ, ಬಲಗಾಲು ಹೊರಕ್ಕೆ ತಿರುಚಿ, ಬೂಟಿನ ತುದಿ ನೆಲ ಕೆರೆದ ಗೀರು. ಪ್ರತಿ ಹೆಜ್ಜೆಗೂ ಆ ಗೀರು. ಯುದ್ಧದಿಂದ ಬಂದಮೇಲೆ ಓರಿನ್ ಅಂಗಳದಲ್ಲಿ ನಡೆದರೆ ಧೂಳಿನಲ್ಲಿ ಹೀಗೇ ಬೀಳುತ್ತಿತ್ತು. ಅವಳು ಅದನ್ನು ಅಣಕಿಸಿ ಕುಂಟುತ್ತ ಅವನ ಹಿಂದೆ ಹೋಗುತ್ತಿದ್ದಳು.

"ವಾಪಸ್ ಬಂದಿರೋದು?" ಎಂದಳು.

ಹ್ಯಾಚ್ ಆಚೀಚೆ ನೋಡಿ ಹೇಳಿದ: "ವಾಪಸ್ ಬಂದಿರೋದು ಒಬ್ರೇ. ಗಿಡ್ಡ ಹೆಜ್ಜೆಯೋರು."

ಅವಳು ಮನೆಗೆ ಬಂದಾಗ ಜೇರಡ್ ಅದೇ ಕುರ್ಚಿಯಲ್ಲಿದ್ದ. ಒಲೆಯ ಮೇಲೆ ಕುರಿಮಾಂಸದ ಸಾರು ಕುದ್ದು ಬತ್ತಿತ್ತು. ಅವಳು ಪಾತ್ರೆ ಇಳಿಸಿ, ಅವನ ಎದುರು ನಿಂತಳು.

"ಅಪ್ಪಾ, ಓರಿನ್ ಹೆಜ್ಜೆ ಇನ್ನೂ ಇದೆ."

ಮುದುಕ ಬಗ್ಗಿ ಒಲೆಯ ಬಾಗಿಲು ಮುಚ್ಚಿದ. ಆಮೇಲೆ, "ನಂಗೊತ್ತು. ಪ್ರತಿ ವರ್ಷ ಬೇಲಿ ಹೊರಗೆ ನಿಂತು ನೋಡ್ತೀನಿ. ಅಳಿಸಿಹೋಗುತ್ತೆ ಅಂದ್ಕೊಂಡಿದ್ದೆ" ಎಂದ.

"ಏನ್ ಮಾಡ್ದೆ ಅವನಿಗೆ?"

"ನಾನೇನೂ ಮಾಡ್ಲಿಲ್ಲ. ಅದೇ ತಪ್ಪು, ಏನೂ ಮಾಡ್ಲಿಲ್ಲ."

ನಿಧಾನವಾಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದ. ಕಟ್ಟೆಯ ನೀರು ಒಂದೇ ದಿನದಲ್ಲಿ ಖಾಲಿಯಾಗಿತ್ತು. ಎಲ್ಲಿ ಸೋರಿತೆಂದು ನೋಡಲು ಅಪ್ಪ ಮಗ ಕುದುರೆಗಳನ್ನು ಈಚೆ ಕಟ್ಟಿ ಹೋದರು. ಓರಿನ್ ಒಣಗಿದ ತಳಕ್ಕಿಳಿದು ಕಾಲಿನಿಂದ ಕುಟ್ಟಿ, "ಒಳಗೆ ಪೊಳ್ಳಪ್ಪ" ಎಂದ. ಎಂದವನು ನಿಂತಲ್ಲೇ ಇಲ್ಲವಾದ.

"ಬದುಕಿದ್ದ, ವೆರ್ಲಾ. ಮಾತಾಡ್ತಿದ್ದ. ಸೊಂಟದ ತನಕ ಮಣ್ಣು ಬಿದ್ದಿದೆ ಅಂದ. ನಾನು ಮಲ್ಕೊಂಡು ತೆವಳಿ ಹಗ್ಗ ಬಿಟ್ಟೆ. ಹತ್ತಿರ ಹೋದಷ್ಟೂ ಅಂಚು ಮುರಿದು ಅವನ ಮೇಲೇ ಬೀಳ್ತಿತ್ತು. ಜನ ಕರ್ಕೊಂಡ್ಬರ್ತೀನಿ ಅಂದೆ. ಹೋಗ್ಬೇಡಪ್ಪ, ಇಲ್ಲೇ ಇರು, ಅಂದ. ಯುದ್ಧದಲ್ಲಿ ಒಂದ್ಸಲ ಹೀಗೇ ಹೂತುಹೋಗಿದ್ನಂತೆ, ಒಬ್ನೇ. ಮನೆಗೆ ಹನ್ನೆರಡು ಮೈಲಿ. ನಾನು ಹೋಗ್ಲಿಲ್ಲ. ಕೂತ್ಕೊಂಡು ಮಾತಾಡಿಸ್ತಾ ಇದ್ದೆ. ನಿನ್ನ ಸುದ್ದಿನೂ ಬಂತು, ಅವಳು ನನ್ನ ಹಾಗೆ ಕುಂಟ್ತಾಳಪ್ಪ ಅಂತ ನಕ್ಕ. ಮಾರನೇ ದಿನ ಮಧ್ಯಾಹ್ನ ಉಳಿದದ್ದೆಲ್ಲ ಕುಸೀತು."

"ಅಮ್ಮನಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವಳು ಸುಮ್ಮನಿರ್ತಿದ್ಲಾ? ಕೈಯಲ್ಲೇ ಬಗೀತಿದ್ಲು. ಆ ನೆಲ ಅವಳನ್ನೂ ತಗೋತಿತ್ತು. ಮಗ ಎಲ್ಲೋ ಇದಾನೆ ಅಂದ್ಕೊಂಡು ಬದುಕಲಿ ಅಂತ." ಆಮೇಲೆ, "ಹೋಗಿದ್ರೆ ಉಳೀತಿದ್ನೇನೋ" ಎಂದ. ಅದನ್ನೇ ಮತ್ತೊಮ್ಮೆ, ಅವಳಿಗಲ್ಲ, ಒಲೆಗೆ ಹೇಳಿದ.

ವೆರ್ಲಾಗೆ ಅಳು ಬರಲಿಲ್ಲ. ಅಮ್ಮನ ಭಾನುವಾರಗಳು ಕಣ್ಣ ಮುಂದೆ ಬಂದವು. ಅಪ್ಪನನ್ನು ಹೊಡೆಯಬೇಕೆನಿಸಿತು. ಅವನ ಕೈ ತೊಡೆಯ ಮೇಲೆ ಹಗ್ಗ ಹಿಡಿದಂತೆ ಮುಷ್ಟಿ ಕಟ್ಟಿತ್ತು. ಅದನ್ನು ನೋಡಿ ಸಾರು ಬಡಿಸಿದಳು. ಇಬ್ಬರೂ ಉಣ್ಣಲಿಲ್ಲ.

ಮಾರನೇ ಬೆಳಿಗ್ಗೆ ಅವನೇ ಕೋಟು ಕೇಳಿದ. ಹ್ಯಾಚ್‌ನ ಜೀಪಿನಲ್ಲಿ ಮೂವರೂ ಹೋದರು. ಬೇಲಿಯ ಬಳಿ ಹ್ಯಾಚ್ ತಡೆಯಲು ನೋಡಿದ. ಆಮೇಲೆ ಇಬ್ಬರ ಸೊಂಟಕ್ಕೂ ಹಗ್ಗ ಕಟ್ಟಿ, ಇನ್ನೊಂದು ತುದಿ ಜೀಪಿಗೆ ಬಿಗಿದು, "ಹಗ್ಗ ಮುಗಿದ ಕಡೆ ನಿಂತ್ಬಿಡಿ" ಎಂದ. ಮುದುಕ ಕೋಲೂರಿಕೊಂಡು ತನ್ನದೇ ಹಳೆಯ ಅಚ್ಚುಗಳಲ್ಲಿ ಕಾಲಿಡುತ್ತ ಹೋದ. ಈಗ ಒಂದು ಹೆಜ್ಜೆಯ ಜಾಗಕ್ಕೆ ಎರಡು ಹೆಜ್ಜೆ ಬೇಕಾಗುತ್ತಿತ್ತು. ಓರಿನ್‌ನ ಸಾಲನ್ನು ತುಳಿಯಲು ವೆರ್ಲಾಗೆ ಮನಸ್ಸಾಗಲಿಲ್ಲ. ಅಪ್ಪನ ಹಿಂದೆಯೇ ನಡೆದಳು. ನೆಲ ಕೆಳಗೆ ಗುಂಯ್ ಎನ್ನುತ್ತಿತ್ತು.

ಹಗ್ಗ ಬಿಗಿಯಾದಲ್ಲಿ ನಿಂತರು. ಇಪ್ಪತ್ತು ಮಾರು ದೂರದಲ್ಲಿ ನೆಲ ಬೋಗುಣಿಯಂತೆ ತಗ್ಗಾಗಿ, ನಡುವೆ ಗಾಡಿಚಕ್ರದಗಲದ ಕಪ್ಪು ಬಾಯಿ. ಅದರ ಸುತ್ತ ಬಿಳುಪು.

"ಓರಿನ್," ಎಂದ ಮುದುಕ, ಪಕ್ಕದ ಕೋಣೆಯವನನ್ನು ಕರೆಯುವ ದನಿಯಲ್ಲಿ. "ವೆರ್ಲಾ ಬಂದಿದಾಳೆ."

ಬಾಯಿಯ ಅಂಚಿನಿಂದ ಒಂದಿಷ್ಟು ಪುಡಿಮಣ್ಣು ಕಳಚಿ ಒಳಗೆ ಬಿತ್ತು. ಬಿದ್ದ ಸದ್ದು ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ, ಯಾರೋ ಕೆಳಗೆ ಮಗ್ಗುಲು ಬದಲಿಸಿದಂತಿತ್ತು. ಜೇರಡ್ ತಲೆಯಾಡಿಸಿದ. ವೆರ್ಲಾ ಅಪ್ಪನ ತೋಳು ಹಿಡಿದುಕೊಂಡಳು. ಬಿಡಲಿಲ್ಲ.

ದೇಹ ತೆಗೆಯುವ ಮಾತನ್ನು ಊರಿನವರು ಎತ್ತಿದರು. ಆ ನೆಲದ ಮೇಲೆ ಒಬ್ಬರನ್ನೂ ನಿಲ್ಲಿಸಲಾಗದು ಎಂದು ಹ್ಯಾಚ್ ಕಡ್ಡಿ ಮುರಿದಂತೆ ಹೇಳಿದ. ಊರಿನ ಚರ್ಚಿನ ಹಿರಿಯನಾದ ಬಿಷಪ್ ಬೇಲಿಯ ಹೊರಗೆ ನಿಂತು ಪ್ರಾರ್ಥಿಸಿ ಆ ಬಯಲನ್ನೇ ಓರಿನ್‌ನ ಸಮಾಧಿಯೆಂದು ದೇವರಿಗೆ ಒಪ್ಪಿಸಿದ. ಹ್ಯಾಚ್ ತನ್ನ ಹಾಳೆಯಲ್ಲಿ ಬಣ್ಣ, ಆಳ, ಹುಲ್ಲಿನ ಹೆಸರು ಎಲ್ಲ ಬರೆದು, ಕಟ್ಟೆಗೆ ತಕ್ಕದ್ದಲ್ಲ ಎಂದು ಕೊನೆಗೆ ಸೇರಿಸಿ ಹೊರಟುಹೋದ. ಫೆಬ್ರವರಿಯಲ್ಲಿ ಜೇರಡ್ ತೀರಿಕೊಂಡ. ಅವನನ್ನು ಲೊವೀನಾಳ ಪಕ್ಕದಲ್ಲಿ, ಗಟ್ಟಿ ನೆಲದಲ್ಲಿ ಮಣ್ಣು ಮಾಡಿದರು.

ಅಪ್ಪನನ್ನು ಮಣ್ಣು ಮಾಡಿದ ಮೂರನೆಯ ಬೆಳಿಗ್ಗೆ ವೆರ್ಲಾ ತಪ್ಪಿಸಿಕೊಂಡ ಕುರಿಯೊಂದನ್ನು ಹುಡುಕುತ್ತ ಆ ಕಡೆ ಹೋದಳು. ಕೊರೆಯುವ ಚಳಿ, ಬಯಲೆಲ್ಲ ಹಿಮ. ಹೆಜ್ಜೆಗಳು ಮುಚ್ಚಿಹೋಗಿದ್ದವು. ನಡುವೆ ಆ ಬಾಯಿಯ ಮೇಲೆ ಮಾತ್ರ ಹಿಮ ನಿಂತಿರಲಿಲ್ಲ. ಅಲ್ಲಿಂದ ಹಬೆ ಏಳುತ್ತಿತ್ತು. ಏರಿ, ನಿಂತು, ಮತ್ತೆ ಏರುತ್ತಿತ್ತು. ಚಳಿಗಾಲದಲ್ಲಿ ನೆಲದೊಳಗಿನ ಗಾಳಿ ಹೊರಗಿನದಕ್ಕಿಂತ ಬೆಚ್ಚಗಿರುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಕುದುರೆಯಿಂದಿಳಿದು, ಬೇಲಿಯ ಪಕ್ಕದ ಹಿಮ ಕೆರೆದು ಜಾಗ ಮಾಡಿಕೊಂಡು ಕೂತಳು. ಕುರಿ ಎಲ್ಲೋ ದೂರದಲ್ಲಿ ಕೂಗುತ್ತಿತ್ತು. ಬಿಸಿಲೇರಿ ಆ ಹಬೆ ಕಾಣದಾಗುವವರೆಗೂ ಅವಳು ಏಳಲಿಲ್ಲ.