ಕಣ್ಣಿಗೆ ಪಟ್ಟಿ, ಕಿವಿಗೆ ನಾನು

ನಾನು ಒಂದು ಸ್ಟೆತಸ್ಕೋಪು. ಡಾಕ್ಟರ ಕೊರಳಲ್ಲಿ ಜೋತಾಡುವ ನನ್ನನ್ನು ನೋಡದವರು ಯಾರಿದ್ದಾರೆ? ನಾನು ಹುಟ್ಟಿದ್ದು ತಗಡಿನ ಸೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿನ ಹೆಂಗಸೊಬ್ಬಳು ಉಕ್ಕಿನ ಬಿಲ್ಲೆಗೆ ತೆಳುಪೊರೆ ಬಿಗಿದಳು, ರಬ್ಬರಿನ ಕೊಳವೆ ಸಿಕ್ಕಿಸಿದಳು, ಕವಲೊಡೆದ ಎರಡು ತುದಿಗಳನ್ನು ತನ್ನ ಕಿವಿಗಿಟ್ಟುಕೊಂಡು ಬಿಲ್ಲೆಯನ್ನು ತನ್ನ ಎದೆಗೇ ಒತ್ತಿಕೊಂಡಳು. ನಾನು ಮೊದಲು ಕೇಳಿದ್ದು ಅವಳ ಗುಂಡಿಗೆಯನ್ನು.

ಆಮೇಲೆ ಒಬ್ಬ ಎಳೆಯ ಡಾಕ್ಟರ ಪಾಲಾದೆ. ಅವರು ಹೆಚ್ಚಿನ ಓದಿಗೆಂದು ಹೊರಟಾಗ ಹೊಸದೊಂದನ್ನು ಕೊಂಡುಕೊಂಡು ನನ್ನನ್ನು ನರ್ಸುಗಳಿಗೆ ಬಿಟ್ಟುಕೊಟ್ಟರು. ಹಾಗೆ ಕೈಯಿಂದ ಕೈ ದಾಟಿ, ಬಾಗಲಕೋಟೆ ಸೀಮೆಯ ಒಂದು ಆಸ್ಪತ್ರೆಯ ಕಣ್ಣು-ಕಿವಿ ವಾರ್ಡಿನಲ್ಲಿ ಎಸ್ತರ್ ಎಂಬ ನರ್ಸಿನ ಕೊರಳಿಗೆ ಬಂದೆ.

ಆ ವಾರ್ಡಿನಲ್ಲಿ ನನಗೆ ಹೆಚ್ಚು ಕೆಲಸವಿರಲಿಲ್ಲ. ರಕ್ತದೊತ್ತಡ ನೋಡುವಾಗ ಮೊಣಕೈ ಮಡಿಕೆಯ ಮೇಲೆ ಕೂರುತ್ತಿದ್ದೆ, ಅಷ್ಟೆ. ಉಳಿದ ಹೊತ್ತೆಲ್ಲ ಎಸ್ತರಳ ಎದೆಯ ಮೇಲೆ ತೂಗುತ್ತ ಅವಳ ಕೆಲಸ ನೋಡುವುದು. ಎಸ್ತರ್ ಬೆಟಗೇರಿಯವಳು. ನಡಿಗೆ ಬಲು ಬಿರುಸು, ಮಂಚದ ಹತ್ತಿರ ಬಂದರೆ ಮಾತ್ರ ನಿಧಾನ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡವರನ್ನು ಅವಳು ಸುಮ್ಮನೆ ಮುಟ್ಟುತ್ತಿರಲಿಲ್ಲ. "ನಾ ಎಸ್ತರ್ ಬಂದೀನ್ರಿ, ನಿಮ್ಮ ಬಲಗಡೆ ನಿಂತೀನಿ, ಈಗ ಕಣ್ಣಿಗೆ ಹನಿ ಹಾಕತೀನಿ" ಎಂದು ಹೇಳಿಯೇ ಕೈಯಿಡುವಳು. ಕಿವಿಯ ರೋಗಿಗಳ ಮುಂದೆ ಬೆಳಕಿಗೆ ಮುಖ ಮಾಡಿ ನಿಂತು, ಬಾಯಿ ಕಾಣುವಂತೆ ಮಾತಾಡುವಳು. ಕಣ್ಣಿನವರಿಗೆ ಒಂದು ರೀತಿ, ಕಿವಿಯವರಿಗೆ ಇನ್ನೊಂದು. ಎರಡೂ ಒಬ್ಬರಲ್ಲೇ ಕೂಡಿ ಬಂದದ್ದು ದುಂಡವ್ವ ಬಂದ ದಿನ.

ದುಂಡವ್ವ ಬನಹಟ್ಟಿಯ ನೇಕಾರಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಮದುವೆಯಾಗಿ ಬಂದಾಗಿನಿಂದ ವಿದ್ಯುತ್ ಮಗ್ಗದ ಎದುರಿಗೇ ನಿಂತವಳು. ಅವತ್ತು ಬೆಳಿಗ್ಗೆ ಮಗ್ಗದಿಂದ ಲಾಳಿ ಸಿಡಿದು ಬಲಗಣ್ಣಿಗೆ ಬಡಿದಿತ್ತು. ಸೊಸೆ ನೀಲವ್ವ ಜೀಪು ಮಾಡಿಸಿಕೊಂಡು ಕರೆತಂದಿದ್ದಳು. ಎಡಗಣ್ಣು ಚಿಕ್ಕಂದಿನಲ್ಲೇ ಹೂ ಬಿದ್ದು ಮಂಜಾದದ್ದು. ದುಂಡವ್ವ ಇಷ್ಟು ದಿನ ಲೋಕ ಕಂಡದ್ದೆಲ್ಲ ಈಗ ಪೆಟ್ಟು ತಿಂದ ಆ ಒಂದು ಕಣ್ಣಿನಿಂದಲೇ.

ಡಾಕ್ಟರ್ ಇನಾಮದಾರ ಮೇಡಂ ಪರೀಕ್ಷೆ ಮಾಡಿ ನೀಲವ್ವನಿಗೆ ತಿಳಿಸಿ ಹೇಳಿದರು. ಕಣ್ಣಿನೊಳಗೆ ರಕ್ತ ಇಳಿದಿದೆ, ಅದು ತಾನಾಗಿ ಕರಗಬೇಕು. ಅಲ್ಲಿಯವರೆಗೆ ತಲೆ ಎತ್ತರಿಸಿಕೊಂಡು ಅಲುಗದೆ ಮಲಗಬೇಕು. ಒಂದು ಕಣ್ಣು ತಿರುಗಿದರೆ ಇನ್ನೊಂದೂ ತಿರುಗುತ್ತದೆ, ಅದಕ್ಕೆ ಎರಡಕ್ಕೂ ಪಟ್ಟಿ. ಒದ್ದಾಡಿ ಮತ್ತೆ ರಕ್ತ ಬಂತೋ, ಕಣ್ಣು ಉಳಿಯುವುದು ಕಷ್ಟ. ದುಂಡವ್ವ ಡಾಕ್ಟರ ಬಾಯನ್ನೇ ನೋಡುತ್ತ ತಲೆಯಾಡಿಸಿದಳು. ಎಲ್ಲ ಕೇಳಿಸಿತು ಎಂದೇ ಎಲ್ಲರೂ ತಿಳಿದರು.

ಪಟ್ಟಿ ಕಟ್ಟಿ ಮಲಗಿಸಿದರು. ಮಧ್ಯಾಹ್ನ ಹನಿ ಹಾಕುವ ಹೊತ್ತಿಗೆ ಎಸ್ತರ್ ಎಂದಿನಂತೆ ಹೆಸರು ಹೇಳಿ, ಬಲಗಡೆ ನಿಂತಿದ್ದೇನೆಂದು ಹೇಳಿ, ಹಣೆ ಮುಟ್ಟಿದಳು. ದುಂಡವ್ವ ಹಾವು ತುಳಿದವಳಂತೆ ಬೆಚ್ಚಿ ಕೈ ಬೀಸಿದಳು. "ಯಾರ ಅದು? ಬಿಡ್ರಿ ನನ್ನ. ನೀಲಾ, ಎಲ್ಲಿ ಹ್ವಾದಿ?" ಎನ್ನುತ್ತ ಎದ್ದು ಕೂರಲು ನೋಡಿದಳು, ಪಟ್ಟಿಗೆ ಕೈ ಹಾಕಿದಳು. ಎಸ್ತರ್ ಆ ಕೈ ಹಿಡಿದು "ಯವ್ವಾ, ಸುಮ್ನಿರ್ರಿ" ಎಂದು ಕೂಗಿದಳು. ಆ ಕೂಗಿಗೆ ಇಡೀ ವಾರ್ಡೇ ತಿರುಗಿ ನೋಡಿತು. ದುಂಡವ್ವನಿಗೆ ಮಾತ್ರ ಏನೂ ಕೇಳಲಿಲ್ಲ.

ನೀಲವ್ವ ಅಳುತ್ತ ಹೇಳಿದಳು, "ನಮ್ಮ ಅತ್ತಿಯವರಿಗೆ ಸ್ವಲ್ಪ ಮಂದ ಕೇಳತೈತ್ರಿ. ಮಗ್ಗದ ಮನ್ಯಾಗ ಎಲ್ಲಾರೂ ಹಂಗ."

ಅಷ್ಟರಲ್ಲಿ ಮೇಡಂ ಬಂದರು. "ಹಿಂಗ ಒದ್ದಾಡಿದ್ರ ಕಣ್ಣು ಹೋಗತದ, ಎಸ್ತರ್. ಮಂಪರು ಬರೂ ಸೂಜಿ ಮಾಡೂಣು."

"ಒಂದೀಟು ತಡೀರಿ ಮೇಡಂ," ಎಂದಳು ಎಸ್ತರ್. ಅವಳ ಎದೆಬಡಿತ ನನಗೆ ತಾಕುತ್ತಿತ್ತು. "ಈ ಯವ್ವ ಕಿವಿಲೆ ಕೇಳಾಕಿ ಅಲ್ಲರಿ, ಕಣ್ಣಿಲೆ ಕೇಳಾಕಿ. ಮುಂಜಾನೆ ನಿಮ್ಮ ಬಾಯೇ ನೋಡಾಕತ್ತಿದ್ಲು. ನಾವು ಕಣ್ಣಿಗೆ ಪಟ್ಟಿ ಕಟ್ಟಿ ಕಿವೀನೂ ಮುಚ್ಚೀವಿ."

ಮೇಡಂ ಒಂದು ಗಳಿಗೆ ದುಂಡವ್ವನನ್ನೇ ನೋಡಿದರು. "ಖರೆ ಅದ," ಎಂದು ತಾವೇ ಬಗ್ಗಿ ದುಂಡವ್ವನ ಇನ್ನೊಂದು ಕೈಯನ್ನು ಮೆಲ್ಲಗೆ ಹಿಡಿದುಕೊಂಡರು. "ಏನು ಮಾಡ್ತಿ ನೋಡು."

ಎಸ್ತರ್ ನನ್ನನ್ನು ಕೊರಳಿನಿಂದ ತೆಗೆದಳು. ನನ್ನ ತುದಿಗಳನ್ನು ತನ್ನ ಕಿವಿಗಲ್ಲ, ದುಂಡವ್ವನ ಕಿವಿಗಳಿಗೆ ನಿಧಾನವಾಗಿ ಇಟ್ಟಳು. ಬಿಲ್ಲೆಯನ್ನು ತನ್ನ ಬಾಯಿಯ ಹತ್ತಿರ ಹಿಡಿದು, ಕೂಗದೆ, ಮಗುವಿನೊಡನೆ ಮಾತಾಡುವಂತೆ ಮಾತಾಡಿದಳು. ಅಲ್ಲಿಯವರೆಗೆ ನನ್ನೊಳಗೆ ಎದೆಯ ಬಡಿತ ಹರಿದಿತ್ತು, ಉಸಿರು ಹರಿದಿತ್ತು. ಮಾತು ಹರಿದದ್ದು ಅದೇ ಮೊದಲು.

"ದುಂಡವ್ವಾರ, ನಾ ಎಸ್ತರ್, ದವಾಖಾನಿ ನರ್ಸ್. ನಿಮ್ಮ ಕಣ್ಣು ಹೋಗಿಲ್ಲ. ವಾಸಿ ಆಗಲಿ ಅಂತ ಪಟ್ಟಿ ಕಟ್ಟೀವಿ. ನೀಲವ್ವ ಇಲ್ಲೇ ಅದಾಳ."

ದುಂಡವ್ವನ ಕೈ ಗಾಳಿಯಲ್ಲೇ ನಿಂತಿತು. ಕೊಳವೆಯನ್ನು ತಡವುತ್ತ ಕೇಳಿದಳು, "ಯಾರವ್ವಾ ನೀ? ನನ್ನ ತಲಿಯೊಳಗ ಕುಂತು ಮಾತಾಡಿದಂಗ ಆಗಾಕತ್ತೈತಿ."

ಪಕ್ಕದ ಮಂಚದವರು ನಕ್ಕರು. ಎಸ್ತರಳೂ ನಕ್ಕಳು, ಆ ನಗೆಯೂ ನನ್ನ ಮೂಲಕ ಹೋಯಿತು. ಏರಿದ ಉಸಿರು ಇಳಿದು, ದುಂಡವ್ವ ದಿಂಬಿಗೆ ಒರಗಿದಳು.

ಅಂದಿನಿಂದ ಒಂದು ಪದ್ಧತಿ ಬಿತ್ತು. ಹತ್ತಿರ ಬಂದವರು ಮೊದಲು ದುಂಡವ್ವನ ಮುಂಗೈ ತಟ್ಟಬೇಕು. ಆಮೇಲೆ ನಾನು. ಆಮೇಲೆಯೇ ಔಷಧಿ. ಎಸ್ತರ್ ಕೆಲಸ ಮುಗಿಸಿ ಮನೆಗೆ ಹೋಗುವಾಗ ನನ್ನನ್ನು ದುಂಡವ್ವನ ದಿಂಬಿನ ಪಕ್ಕದಲ್ಲೇ ಬಿಟ್ಟು ಹೋಗತೊಡಗಿದಳು.

ಆದರೆ ನೀಲವ್ವ ನನ್ನನ್ನು ಮುಟ್ಟಲಿಲ್ಲ. ಅತ್ತೆಗೆ ನೀರು ಕುಡಿಸುವಳು, ಗಂಜಿ ಉಣಿಸುವಳು, ಮಾತು ಮಾತ್ರ ಇಲ್ಲ. ಎಸ್ತರ್ ಇದನ್ನು ಗಮನಿಸಿದಳು. ಒಂದು ಸಂಜೆ ಬಿಲ್ಲೆಯನ್ನು ಅವಳ ಕೈಗಿಟ್ಟು, "ಏನಾರ ಮಾತಾಡವ್ವಾ. ಕತ್ತಲದಾಗ ಮಲಗ್ಯಾರ, ಮನಿ ಮಂದಿ ದನಿ ಕೇಳಬೇಕ ಅನ್ನಸ್ತದ," ಎಂದಳು.

"ನಾ ಮಾತಾಡಿದ್ರ ಅವರಿಗೆ ಸೇರೂದಿಲ್ರಿ ಅಕ್ಕಾರ. ಮದುವಿ ಆಗಿ ಬಂದಾಗಿಂದ ನೋಡೀನಿ."

"ಒಮ್ಮೆ ಮಾತಾಡಿ ನೋಡು."

ನೀಲವ್ವ ಬಿಲ್ಲೆಯನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು. ಅವಳದು ಮೊದಲೇ ಮೆದು ದನಿ, ತಲೆ ತಗ್ಗಿಸಿ ಮಾತಾಡುವ ರೂಢಿ. ಕೊನೆಗೆ ನನ್ನ ಹತ್ತಿರ ಬಾಯಿ ತಂದು, "ಅತ್ತೀ, ಊಟಾ ಮಾಡತೀರೇನ್ರಿ?" ಎಂದಳು.

ದುಂಡವ್ವ ಕತ್ತು ತಿರುಗಿಸಲು ಹೋಗಿ, ತಿರುಗಿಸಬಾರದೆಂದು ನೆನಪಾಗಿ ಅಲ್ಲಿಗೇ ತಡೆದಳು. "ನೀಲಾ? ನಿನ್ನ ದನಿ ಹಿಂಗ ಐತೇನ?"

"ಹೂಂ ರಿ."

"ಮತ್ತ ಮನ್ಯಾಗ ಒಂದ ದಿನಾನೂ ನನ್ನ ಉಣ್ಣಾಕ ಕರೀಲಿಲ್ಲಲ್ಲ ನೀ. ಕರೀಲಿ ಅಂತ ನಾನೂ ಹಟಾ ಹಿಡದ್ನಿ. ಎಲ್ಲಾರದೂ ಆದ ಮ್ಯಾಲ ನಾನ ನೀಡಿಕೊಂಡು ಉಂಡೆ."

ನೀಲವ್ವ ಬಿಲ್ಲೆಯನ್ನು ಬಾಯಿಗೆ ಇನ್ನೂ ಹತ್ತಿರ ತಂದಳು. "ದಿನಾ ಕರದೀನ್ರಿ ಅತ್ತಿ. ಅಡಗಿಮನಿ ಬಾಗಲದಾಗ ನಿಂತು ದಿನಾ ಕರೀತಿದ್ದೆ. ನೀವು ತಿರಗಿ ನೋಡ್ತಿರಲಿಲ್ಲ. ನನ್ನ ಕೈಯಾನ ಅಡಗಿ ನಿಮಗ ಬ್ಯಾಡಾಗೈತಿ ಅಂತ ಸುಮ್ಮಾದೆ."

ಪಟ್ಟಿಯ ಕೆಳಗೆ ದುಂಡವ್ವನ ಗಲ್ಲ ಅದುರುತ್ತಿತ್ತು. ಎಸ್ತರ್ ಬಿಲ್ಲೆಯನ್ನು ಮೆಲ್ಲಗೆ ತನ್ನ ಕಡೆಗೆಳೆದುಕೊಂಡು, "ಯವ್ವಾ, ಅಳಬ್ಯಾಡ್ರಿ ಈಗ. ಕಣ್ಣಿಗೆ ತ್ರಾಸ ಆಗತೈತಿ," ಎಂದಳು.

"ಅಳಾಂಗಿಲ್ಲ ಅಂದ್ರ ಉಣ್ಣಾಕ ಅಡ್ಡಿ ಇಲ್ಲ ಹೌದಿಲ್ಲೋ?" ಎಂದಳು ದುಂಡವ್ವ. "ತಾರ ನೀಲಾ, ಏನು ಮಾಡೀಯ? ಕೂಡೇ ಉಣ್ಣೂಣು."

ಆಮೇಲಿನ ದಿನಗಳಲ್ಲಿ ನನಗೆ ಬಿಡುವಿರಲಿಲ್ಲ. ನೀಲವ್ವನಿಗೆ ಅಷ್ಟು ಮಾತು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕಿಟಕಿಯಾಚೆ ಏನಿದೆ, ಎದುರಿನ ಮಂಚದ ಅಜ್ಜಿ ಯಾರು, ತವರಿನಲ್ಲಿ ಎಮ್ಮೆ ಈದದ್ದು, ಎಲ್ಲವೂ ನನ್ನ ಕೊಳವೆಯಲ್ಲಿ ಹಾದುಹೋದವು. ದುಂಡವ್ವ ಅಲುಗದೆ ಮಲಗಿ ಕೇಳಿದಳು. ಅಲುಗದೆ ಮಲಗಿದ್ದೇ ಅವಳ ಔಷಧಿಯಾಯಿತು.

ಪಟ್ಟಿ ಬಿಚ್ಚಿದ ದಿನ ವಾರ್ಡಿನ ಕಿಟಕಿಗೆ ಪರದೆ ಎಳೆದಿದ್ದರು. ಮೇಡಂ ಬೆಳಕು ಬಿಟ್ಟು ನೋಡಿ, "ರಕ್ತ ಕರಗೇದ," ಎಂದರು. ದುಂಡವ್ವ ಮೊದಲು ಮಂಜುಮಂಜಾಗಿ ಕಂಡದ್ದು ಸೊಸೆಯ ಮುಖ. "ಸೊರಗೀಯಲ್ಲ ನೀ," ಎಂದಳು. ಹೊರಡುವ ಮುನ್ನ ಕಿವಿಯ ಪರೀಕ್ಷೆಯೂ ಆಯಿತು. ಕಿವಿಗಿಡುವ ಪುಟ್ಟ ಯಂತ್ರವೊಂದು ಸಿಕ್ಕಿತು. ಮಗ್ಗದ ಮನೆಯಲ್ಲಿ ಇನ್ನುಮುಂದೆ ಕಿವಿಗೆ ಬಿರಡೆ ಹಾಕಿಕೊಂಡೇ ನಿಲ್ಲಬೇಕೆಂದು ಎಸ್ತರ್ ನೀಲವ್ವನಿಗೂ ತಾಕೀತು ಮಾಡಿದಳು.

ಇದಾಗಿ ಬಹಳ ವರ್ಷಗಳಾದವು. ನನ್ನ ರಬ್ಬರು ಗಡುಸಾಗಿ ಅಲ್ಲಲ್ಲಿ ಸೀಳಿದೆ. ಎದೆಬಡಿತದಷ್ಟು ಸಣ್ಣ ಸದ್ದು ಈಗ ನನ್ನಲ್ಲಿ ಸೋರಿಹೋಗುತ್ತದೆ. ಎಸ್ತರಳ ಕೂದಲೂ ಬೆಳ್ಳಗಾಗಿದೆ. ಈಗ ಅವಳು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ನಾನು ಅವಳ ಮೇಜಿನ ಖಾನೆಯಲ್ಲಿದ್ದೇನೆ.

ಹೊಸ ಮಕ್ಕಳು ಬಂದಾಗ ಅವಳು ಒಬ್ಬಳನ್ನು ಮಂಚದ ಮೇಲೆ ಮಲಗಿಸಿ ಕಣ್ಣಿಗೆ ಪಟ್ಟಿ ಕಟ್ಟುತ್ತಾಳೆ, ಕಿವಿಗೆ ಹತ್ತಿ ತುರುಕುತ್ತಾಳೆ. ಉಳಿದವರು ಉಸಿರು ಬಿಗಿಹಿಡಿದು ಸುತ್ತ ನಿಲ್ಲುತ್ತಾರೆ. ಮೊನ್ನೆ ಹಾಗೆ ಮಲಗಿದ್ದು ಸಿಂಧನೂರಿನ ರೇಷ್ಮಾ ಎಂಬ ಹುಡುಗಿ. ಮೊದಲು ಅವಳು ನಗುತ್ತಿದ್ದಳು. ಆಮೇಲೆ ಅವಳ ಬೆರಳುಗಳು ಹಾಸಿಗೆಯ ಅಂಚನ್ನು ಹುಡುಕತೊಡಗಿದವು. ಎಸ್ತರ್ ಅವಳ ಮುಂಗೈ ತಟ್ಟಿ, ಹತ್ತಿ ತೆಗೆದು, ನನ್ನ ತುದಿಗಳನ್ನು ಕಿವಿಗಿಟ್ಟಳು. ಬಿಲ್ಲೆಯನ್ನು ಮಾತ್ರ ತಾನು ಹಿಡಿಯದೆ ಪಕ್ಕದಲ್ಲಿ ನಿಂತಿದ್ದ ಹುಡುಗಿಗೆ ಕೊಟ್ಟಳು.

"ಏನು ಹೇಳ್ಲಿ ಮೇಡಂ?" ಎಂದು ಆ ಹುಡುಗಿ ತಡವರಿಸಿದಳು.

"ನಿನಗ ತಿಳದದ್ದು ಹೇಳು."

ಹುಡುಗಿ ನನ್ನನ್ನು ತುಟಿಯ ಹತ್ತಿರ ತಂದುಕೊಂಡಳು. ಅವಳ ಉಸಿರಿಗೆ ನನ್ನ ಉಕ್ಕು ಬೆಚ್ಚಗಾಯಿತು.

"ರೇಷ್ಮಾ," ಎಂದಳು, "ಯಾರೂ ಹೋಗಿಲ್ಲ. ಇಲ್ಲೇ ಅದೀವಿ."

ರೇಷ್ಮಾಳ ಬೆರಳುಗಳು ಹುಡುಕುವುದನ್ನು ಬಿಟ್ಟವು. ಹಳಬನಾದೆ, ಹರಿದುಹೋದೆ, ಆದರೂ ಇಷ್ಟು ಮಾತನ್ನು ನಾನು ಇನ್ನೂ ಮುಟ್ಟಿಸಬಲ್ಲೆ.