ತಾಯಿಯ ಟ್ಯೂಬು, ಮಗಳ ಟ್ಯೂಬು

ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದುಡಿದವಳಿಗೆ ರಕ್ತ ಕಂಡರೆ ಏನೂ ಅನ್ನಿಸುವುದಿಲ್ಲ. ಆದರೆ ಆ ಬೆಳಿಗ್ಗೆ ಎರಡು ಟ್ಯೂಬುಗಳನ್ನು ಮೆಷಿನ್ನಿಗೆ ಇಡುವ ಮೊದಲು ನಂಬರುಗಳನ್ನು ಮೂರು ಸಲ ಓದಿಕೊಂಡಳು. ಒಂದು ಅಮ್ಮನದು, ಇನ್ನೊಂದು ಅವಳದೇ.

ಅಮ್ಮನಿಗೆ ಮರೆವಿನ ಕಾಯಿಲೆ ಬಂದು ಮೂರು ವರ್ಷ. ಬರೀ ಮರೆವಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಆರು ತಿಂಗಳಿಂದ ಇಲ್ಲದ್ದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಬೀರುವಿನ ಹಿಂದೆ ಯಾರೋ ಪಿಸುಗುಡುತ್ತಾರೆ. ಊಟಕ್ಕೆ ವಿಷ ಬೆರೆಸಿದ್ದಾರೆ. ತಟ್ಟೆ ಹಿಡಿದು ನಿಂತವಳಂತೂ ಮಗಳೇ ಅಲ್ಲ, ಮಗಳ ವೇಷ ಹಾಕಿಕೊಂಡು ಬಂದ ಯಾರೋ ಹೆಂಗಸು! ದಿನಕ್ಕೆ ಹತ್ತು ಸಲ ಇದನ್ನು ಕೇಳಿಯೂ ಮಗಳು ತಟ್ಟೆಯನ್ನು ಮತ್ತೆ ಮುಂದೆ ಹಿಡಿಯುತ್ತಿದ್ದಳು.

ಇಂಥ ಭ್ರಮೆಗೂ ಒಂದು ಜೀನಿಗೂ ನಂಟಿದೆಯೇ ಎಂದು ತಿಳಿಯಲು ಡಾಕ್ಟರು ನಡೆಸುತ್ತಿದ್ದ ಅಧ್ಯಯನಕ್ಕೆ ಅಮ್ಮನ ರಕ್ತವೂ ಹೋಗಿತ್ತು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಬೇಕಾದಾಗ ಲ್ಯಾಬಿನವರೇ ತೋಳು ಚಾಚುವುದು ಅಲ್ಲಿನ ರೂಢಿ. ಟ್ಯೂಬಿನ ಮೇಲೆ ನಂಬರ್ ಮಾತ್ರ. ಯಾವುದು ಯಾರದೆಂದು ಹೆಸರಿನ ಪಟ್ಟಿ ತೆಗೆದು ನೋಡಬಾರದು. ಇವಳು ನೋಡಿದಳು. ನೋಡದಿರಲು ಅವಳೇನು ಕಲ್ಲೇ? ನಾಳೆ ತಾನೂ ತನ್ನ ಮಗಳನ್ನು ಕಂಡು ಹೀಗೇ ಕಿರುಚುತ್ತೇನೋ ಎಂಬ ಭಯ ಅವಳನ್ನು ಹಿಂಡಿ ಹಿಪ್ಪೆ ಮಾಡಿತ್ತು.

ಮಧ್ಯಾಹ್ನ ಫಲಿತಾಂಶ ಬಂತು. ಜೀನಿಗೆ ಎರಡು ಪ್ರತಿ, ತಾಯಿಯಿಂದ ಒಂದು, ತಂದೆಯಿಂದ ಒಂದು. ಅಮ್ಮನಲ್ಲಿ ಎರಡೂ ಅಪಾಯದವೇ. ಅವಳಲ್ಲಿ ಒಂದೂ ಅಲ್ಲ.

“ಅಬ್ಬಾ, ಬದುಕಿದೆ! ಇವತ್ತು ಎಲ್ಲರ ಕಾಫಿ ನನ್ನದು.”

“ಏನಮ್ಮಾ, ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು?” ಎಂದರು ಪಕ್ಕದ ಹಿರಿಯ ಸಹೋದ್ಯೋಗಿ.

ನಗಲು ಹೋದವಳ ನಗು ಅರ್ಧಕ್ಕೇ ನಿಂತಿತು. ಅಮ್ಮನಲ್ಲಿ ಎರಡೂ ಅದೇ ಆಗಿದ್ದರೆ ಮಗಳಿಗೆ ಒಂದಾದರೂ ಬರಲೇಬೇಕು. ಕೊಡಲು ಬೇರೆಯದೇ ಇಲ್ಲವಲ್ಲ! ಬೇರೆ ಯಾರದೋ ಟ್ಯೂಬು ಸೇರಿಕೊಂಡಿರಬೇಕು, ಇಷ್ಟು ವರ್ಷ ತಪ್ಪು ಮಾಡದ ತಾನು ಇವತ್ತೊಂದು ದಿನ ತಪ್ಪು ಮಾಡಿರಲಿ ಎಂದು ದೇವರನ್ನು ಬೇಡಿಕೊಂಡಳು. ಹೊಸದಾಗಿ ರಕ್ತ ತೆಗೆಸಿಕೊಂಡಳು, ಅಮ್ಮನ ಟ್ಯೂಬಿನಲ್ಲಿ ಉಳಿದಿದ್ದನ್ನೂ ಮತ್ತೆ ಪರೀಕ್ಷೆಗಿಟ್ಟಳು. ಅದೇ ಉತ್ತರ. ಮೆಷಿನ್ನಿಗೇನು, ಯಾರ ಮನೆ ಮುರಿದರೂ ಬೀಪ್ ಎಂದು ಸುಮ್ಮನಾಗುತ್ತದೆ.

ಅಮ್ಮನ ರಕ್ತ ತೆಗೆದ ದಿನವೇ ನಂಬರ್ ತಪ್ಪಿರಬಹುದು ಎಂಬ ಒಂದೇ ಆಸೆ ಹಿಡಿದು ಸಂಜೆ ಮನೆಗೆ ಬಂದಳು. ಅಮ್ಮ ಕಿಟಕಿಯ ಪಕ್ಕ ಶಾಂತವಾಗಿ ಕೂತಿದ್ದಳು.

“ಬಾಮ್ಮ. ಹೊಸ ನರ್ಸಾ ನೀನು?”

“ಹೂಂ,” ಎಂದಳು ಮಗಳು. “ಮಕ್ಕಳೆಷ್ಟಮ್ಮಾ ನಿಮಗೆ?”

“ಹೆತ್ತಿದ್ದು ಒಂದು. ಮೂರನೇ ದಿನಕ್ಕೇ ಹೋಯ್ತು. ಅದೇ ವಾರ್ಡಲ್ಲಿ ಯಾರೋ ಹೆತ್ತು ಬಿಟ್ಟುಹೋಗಿದ್ಲು ನೋಡು, ಆ ಕೂಸನ್ನ ಎದೆಗೆ ಹಾಕ್ಕೊಂಡೆ. ನಮ್ಮ ಯಜಮಾನರಿಗೆ ಬಿಟ್ರೆ ಒಂದು ನರಪಿಳ್ಳೆಗೂ ಗೊತ್ತಿಲ್ಲ.”

ಇದೂ ಭ್ರಮೆಯೇ ಇರಬೇಕು ಎಂದುಕೊಳ್ಳಲು ಅವಳನ್ನು ಆ ಎರಡು ಫಲಿತಾಂಶಗಳು ಬಿಡಲಿಲ್ಲ. ಅಮ್ಮನ ಪಕ್ಕದಲ್ಲೇ ಮಂಚದ ಅಂಚಿಗೆ ಕೂತಳು.

ಅಮ್ಮ ಬಾಗಿಲ ಕಡೆ ನೋಡಿ, ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

“ನನ್ನ ಮಗಳು ಕೆಲಸ ಮುಗಿಸಿ ಇನ್ನೇನು ಬರ್ತಾಳೆ. ಅವಳ ಹತ್ರ ಮಾತ್ರ ಬಾಯಿ ಬಿಡಬೇಡ ಕಣಮ್ಮ. ಪಾಪ, ನೊಂದ್ಕೊಂಡ್ಬಿಡ್ತಾಳೆ.”

“ಇಲ್ಲಮ್ಮ,” ಎಂದಳು ಮಗಳು. “ಹೇಳಲ್ಲ.”